ಲೋಹಗಳಿಗೂ ಒಂದು ನಕ್ಷೆಯಿದೆ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ಮೆಗ್ನೀಸಿಯಂ ಮಿಶ್ರಲೋಹಗಳು ಮತ್ತು ಉಷ್ಣಗತಿಶಾಸ್ತ್ರ. ಹೆಸರು ಕೇಳಿ ಹೆದರಬೇಡಿ. ನಮ್ಮ ಓಣಿಯಿಂದಲೇ ಶುರು ಮಾಡುತ್ತೇನೆ.

ನಾನು ಚಿಕ್ಕವನಿದ್ದಾಗ ನಮ್ಮ ಓಣಿಗೆ ಕಲಾಯಿ ಚಾಚಾ ಬರುತ್ತಿದ್ದರು. ನೆಲದಲ್ಲಿ ಕುಣಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತಿ ತಾಮ್ರದ ಹಂಡೆಯನ್ನು ಕಾಯಿಸುತ್ತಿದ್ದರು. ನವಸಾಗರ ಉದುರಿಸಿ, ತವರ ಮುಟ್ಟಿಸಿ, ಅರಳೆಯಿಂದ ಒಮ್ಮೆ ಒರೆಸಿದರೆ ಹಂಡೆಯ ಒಳಗೆಲ್ಲ ಬೆಳ್ಳಿಯ ಹೊಳಪು. "ಎಷ್ಟು ಕಾದರೆ ಸಾಕು ಅಂತ ಹೇಗೆ ಗೊತ್ತಾಗ್ತದ ಚಾಚಾ?" ಎಂದು ಕೇಳಿದ್ದೆ. "ಕಣ್ಣಿಗೇ ಗೊತ್ತಾಗ್ತದ ಬೇಟಾ" ಎಂದಿದ್ದರು. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ, ತಾಮ್ರ 1085 ಡಿಗ್ರಿಗೆ. ಆ ಅಂಕಿಗಳು ಚಾಚಾ ಅವರಿಗೆ ತಿಳಿದಿರಲಿಲ್ಲ. ಆದರೆ ಹಂಡೆಗೆ ಏನೂ ಆಗದಂತೆ ತವರವನ್ನು ಮಾತ್ರ ಕರಗಿಸಿ ಹಿಡಿಸುವುದು ಅವರ ಕೈಗೆ ತಿಳಿದಿತ್ತು.

ಮುಂದೆ ಕಾಲೇಜಿನಲ್ಲಿ 'ಫೇಸ್ ಡಯಾಗ್ರಾಂ' ಪಾಠ ಬಂತು. ನಾನು ಅದರ ಗೆರೆಗಳನ್ನು ಬಾಯಿಪಾಠ ಮಾಡಿದೆ, ಮೊದಲ ಸಲ ನಪಾಸಾದೆ. ಚಾಚಾ ಕಣ್ಣಲ್ಲಿ ಓದುತ್ತಿದ್ದುದನ್ನೇ ಆ ಗೆರೆಗಳು ಕಾಗದದ ಮೇಲೆ ತೋರಿಸುತ್ತಿವೆ ಎಂದು ನನಗೆ ತಿಳಿದದ್ದು ತಡವಾಗಿ.

ಕನ್ನಡದಲ್ಲಿ ಇದನ್ನು ಪ್ರಾವಸ್ಥಾ ನಕ್ಷೆ ಎನ್ನೋಣ. ಅಡ್ಡಗೆರೆಯಲ್ಲಿ ಬೆರಕೆಯ ಪ್ರಮಾಣ, ಉದ್ದಗೆರೆಯಲ್ಲಿ ಉಷ್ಣತೆ. ಇಷ್ಟು ಬೆರೆಸಿ ಇಷ್ಟು ಕಾಯಿಸಿದರೆ ಅದು ದ್ರವವೋ, ಘನವೋ, ಎರಡೂ ಕೂಡಿದ್ದೋ ಎಂದು ಈ ನಕ್ಷೆ ಹೇಳುತ್ತದೆ. ಕುಲ್ಫಿ ಮಾಡುವವನು ಐಸಿಗೆ ಉಪ್ಪು ಹಾಕುವುದೇಕೆ? ತಕ್ಕ ಪ್ರಮಾಣದಲ್ಲಿ ಉಪ್ಪು ಬೆರೆತ ಐಸು ಸೊನ್ನೆಗಿಂತ 21 ಡಿಗ್ರಿ ಕೆಳಗೂ ಕರಗುತ್ತದೆ. ಕರಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ, ಕುಲ್ಫಿ ಗಟ್ಟಿಯಾಗುತ್ತದೆ. ನೀವು ಬಸ್ಸಿನಲ್ಲಿ ದಾಟುವ ಗಿಣಿಗೇರಾ, ಬೇವಿನಹಳ್ಳಿಯ ಕಾರ್ಖಾನೆಗಳ ಕುಲುಮೆಯಲ್ಲೂ ಇದೇ ನಿಯಮ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಶೇಕಡಾ 4.3 ಇಂಗಾಲ ಸೇರಿದರೆ ಸುಮಾರು 1147 ಡಿಗ್ರಿ ಸಾಕು. ಬೀಡುಕಬ್ಬಿಣ ಸುಲಭವಾಗಿ ಎರಕಕ್ಕೆ ಒಗ್ಗುವುದು ಇದರಿಂದಲೇ.

ಈಗ ಮೆಗ್ನೀಸಿಯಂಗೆ ಬರೋಣ. ಇದರ ತೂಕ ಕಬ್ಬಿಣದ ಕಾಲು ಭಾಗಕ್ಕಿಂತ ಕಡಿಮೆ, ಅಲ್ಯೂಮಿನಿಯಂನ ಮೂರರಲ್ಲಿ ಎರಡು ಭಾಗದಷ್ಟು. ವಿಮಾನವಿರಲಿ, ಕಾರಿರಲಿ, ತೂಕ ಇಳಿದಷ್ಟು ಇಂಧನ ಉಳಿಯುತ್ತದೆ. ಬೆಂಗಳೂರಿನ ಎಚ್‌ಎಎಲ್‌ನ ಫೌಂಡ್ರಿ ವಿಭಾಗದಲ್ಲಿ ಇದರ ಎರಕದ ಕೆಲಸವಿದೆ. ಮೆಗ್ನೀಸಿಯಂ 650 ಡಿಗ್ರಿಗೆ ಕರಗುತ್ತದೆ, ಅಲ್ಯೂಮಿನಿಯಂ 660ಕ್ಕೆ. ಮೂರನೇ ಒಂದು ಭಾಗದಷ್ಟು ಅಲ್ಯೂಮಿನಿಯಂ ಸೇರಿಸಿದ ಮೆಗ್ನೀಸಿಯಂ 437 ಡಿಗ್ರಿಗೇ ಕರಗುತ್ತದೆ! ಆ ಉಷ್ಣತೆಯಲ್ಲಿ ಘನ ಮೆಗ್ನೀಸಿಯಂ ತನ್ನೊಳಗೆ ಶೇಕಡಾ 12ಕ್ಕೂ ಹೆಚ್ಚು ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತದೆ. ತಣ್ಣಗಾದಂತೆ, ಪಾಕ ಆರಿದಾಗ ಸಕ್ಕರೆ ಹರಳುಗಟ್ಟುವ ಹಾಗೆ, ಹೆಚ್ಚಾದದ್ದು ಬೇರೊಂದು ಸಂಯುಕ್ತವಾಗಿ ಹೊರಬೀಳುತ್ತದೆ. ಈ ಸಂಯುಕ್ತ ಸುಮಾರು 120 ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತದೆ. ಬಿಸಿಯಾಗುವ ಎಂಜಿನ್ ಭಾಗಕ್ಕೆ ಅದು ಬರುವುದಿಲ್ಲ. ಹಾಗಾಗಿ ಇಟ್ರಿಯಂ, ಗ್ಯಾಡೊಲಿನಿಯಂ, ಕ್ಯಾಲ್ಸಿಯಂ ಮುಂತಾದವನ್ನು ಸೇರಿಸಿ ನೋಡುತ್ತಾರೆ.

ಇಲ್ಲಿ ಪಿಯುಸಿ ಮಕ್ಕಳಿಗೆ ಒಂದು ಲೆಕ್ಕ. ಹತ್ತು ಲೋಹಗಳಲ್ಲಿ ಮೂರು ಮೂರನ್ನು ಆರಿಸಿದರೆ ಎಷ್ಟು ಗುಂಪು? 120. ಪ್ರತಿ ಗುಂಪಿನಲ್ಲೂ ಪ್ರಮಾಣವನ್ನು ಶೇಕಡಾ 5ರಂತೆ ಬದಲಿಸಿದರೆ 171 ಬೆರಕೆ. ಒಟ್ಟು 20,520! ಎಲ್ಲವನ್ನೂ ಕರಗಿಸಿ ನೋಡಲು ಒಂದು ಆಯುಷ್ಯ ಸಾಲದು. ಮೇಲಾಗಿ ಮೆಗ್ನೀಸಿಯಂ ಸುಲಭವಾಗಿ ಉರಿಯುತ್ತದೆ, ಕಾಯಿಸಿದರೆ ಆವಿಯಾಗುತ್ತದೆ. ಅಳೆದು ಹಾಕಿದ ಪ್ರಮಾಣ ಕುಲುಮೆಯಲ್ಲಿ ಹಾಗೇ ಉಳಿಯುವುದಿಲ್ಲ.

ದಾರಿ ತೋರಿಸಿದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಲ್ಲರ್ಡ್ ಗಿಬ್ಸ್. 1876ರಿಂದ 1878ರ ನಡುವೆ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಇದರ ತಳಹದಿ ಹಾಕಿದರು. ನೀರು ತಗ್ಗು ಹುಡುಕಿ ನಿಲ್ಲುವಂತೆ, ಬೆರಕೆಯೂ ತನ್ನ 'ಗಿಬ್ಸ್ ಶಕ್ತಿ' ಅತಿ ಕಡಿಮೆಯಾಗುವ ರೂಪದಲ್ಲಿ ನೆಲೆಸುತ್ತದೆ. ಎರಡೆರಡು ಲೋಹಗಳ 45 ಜೋಡಿಗಳನ್ನೂ ಆಯ್ದ ಕೆಲವು ಮೂರರ ಗುಂಪುಗಳನ್ನೂ ಚೆನ್ನಾಗಿ ಅಳೆದು, ಸಮೀಕರಣಗಳಲ್ಲಿ ಕೂಡಿಸಿದರೆ, ಉಳಿದವುಗಳ ನಕ್ಷೆಯನ್ನು ಕಂಪ್ಯೂಟರ್ ಅಂದಾಜು ಮಾಡುತ್ತದೆ. ಈ ವಿಧಾನಕ್ಕೆ 'ಕ್ಯಾಲ್‌ಫ್ಯಾಡ್' ಎಂದು ಹೆಸರು. 1970ರಲ್ಲಿ ಕಾಫ್‌ಮನ್ ಮತ್ತು ಬರ್ನ್‌ಸ್ಟೈನ್ ಬರೆದ ಪುಸ್ತಕದಿಂದ ಇದು ನೆಲೆಯೂರಿತು.

ಆದರೆ ಅಳತೆ ತಪ್ಪಿದರೆ ಕಂಪ್ಯೂಟರಿನ ನಕ್ಷೆಯೂ ತಪ್ಪುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಟಿ. ಜೇಕಬ್ ಅವರಂಥವರು ಆಕ್ಸೈಡು, ಮಿಶ್ರಲೋಹಗಳ ಇಂಥ ಶಕ್ತಿಗಳನ್ನು ವರ್ಷಗಟ್ಟಲೆ ತಾಳ್ಮೆಯಿಂದ ಅಳೆದರು. ಕೈಯ ಕೆಲಸ, ಕಣ್ಣಿನ ಎಚ್ಚರ ಇಲ್ಲದೆ ಗಣಿತವೊಂದೇ ಇಲ್ಲಿ ಸಾಲದು.

ಇದನ್ನೆಲ್ಲ ಈ ಸಭೆಯಲ್ಲಿ ಹೇಳಲು ಕಾರಣವಿದೆ. ಕಲಾಯಿ ಚಾಚಾ ಅವರ ಮಗ ನನ್ನ ಸಹಪಾಠಿ. ಯಾವ ಪಾತ್ರೆಯಲ್ಲಿ ಏನು ಬೆರೆತಿದೆ ಎಂದು ಬಡಿದು ನೋಡಿ ಹೇಳುತ್ತಿದ್ದ. ಎಂಟನೇ ತರಗತಿಗೆ ಶಾಲೆ ಬಿಟ್ಟ. ಸ್ಟೀಲು ಪಾತ್ರೆ ಬಂದ ಮೇಲೆ ಆ ಕಸುಬೂ ಹೋಯಿತು. ಲೋಹದ ಅರಿವು ಅವನಿಗಿತ್ತು, ಲೋಹದ ಪುಸ್ತಕ ನನಗೆ ಸಿಕ್ಕಿತು. ಎರಡೂ ಒಬ್ಬನಲ್ಲೇ ಕೂಡಿದ್ದರೆ ಅವನು ನನಗಿಂತ ಎಷ್ಟೋ ಮುಂದೆ ಹೋಗುತ್ತಿದ್ದ.

ಪೋಷಕರೇ, ಗ್ಯಾರೇಜು, ವೆಲ್ಡಿಂಗ್ ಅಂಗಡಿಗೆ ಹೋಗುವ ಹುಡುಗನ ಓದು ಅಲ್ಲಿಗೆ ಮುಗಿಯಿತೆಂದು ತಿಳಿಯಬೇಡಿ. ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರಿಗೆ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರುವ ದಾರಿಯಿದೆ. ನಮ್ಮ ಭಾಗಕ್ಕೆ 371(ಜೆ) ಮೀಸಲಾತಿಯೂ ಇದೆ. ಹೆಣ್ಣುಮಕ್ಕಳೇ, 'ಪೈಕ್ಯಾಲ್‌ಫ್ಯಾಡ್' ಎಂಬ ತಂತ್ರಾಂಶ ಉಚಿತ. ಯಲಬುರ್ಗಾದ ಮನೆಯಲ್ಲಿ ಕುಳಿತೂ ಒಂದು ಲ್ಯಾಪ್‌ಟಾಪಿನಲ್ಲಿ ಈ ನಕ್ಷೆ ಬಿಡಿಸಬಹುದು. ಕುಲುಮೆಯ ಮುಂದೆ ನಿಲ್ಲದೆಯೂ ಲೋಹವಿಜ್ಞಾನಕ್ಕೆ ಬರುವ ಬಾಗಿಲು ಅದು.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋದ ಮೇಲೆ ನಿಮ್ಮ ತಂದೆ, ಚಾಚಾ, ಮಾಮಾ ಕೈಯಲ್ಲಿ ಮಾಡುವ ಒಂದು ಕೆಲಸದ ಬಗ್ಗೆ 'ಇದು ಹೀಗೇಕೆ?' ಎಂದು ಕೇಳಿ. ಉತ್ತರವನ್ನು ಪುಸ್ತಕದಲ್ಲಿ ಹುಡುಕಿ. ನಿಮ್ಮ ವಿಜ್ಞಾನ ಅಲ್ಲಿಂದ ಶುರುವಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.