ವಿಶ್ವದ ಪೇಟೆಯಲ್ಲಿ ನಮ್ಮ ಕಾಫಿ

(ಕಾಫಿ ಬೆಳೆಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಭಾರತದ ಕಾಫಿಯಲ್ಲಿ ಶೇ. 70ರಷ್ಟನ್ನು ಬೆಳೆಯುವುದು ಕರ್ನಾಟಕದಲ್ಲಿ. ದೇಶದ ಫಸಲಿನ ಹೆಚ್ಚಿನ ಪಾಲು ಹಡಗೇರಿ ಇಟಲಿ, ಜರ್ಮನಿ ಮೊದಲಾದ ಕಡೆಗೆ ಹೋಗುತ್ತದೆ. ಆದರೂ ವಿಶ್ವದ ಉತ್ಪಾದನೆಯಲ್ಲಿ ನಮ್ಮದು ಶೇ. 4ಕ್ಕೂ ಕಡಿಮೆ. ಬೆಲೆ ಕಟ್ಟುವವರು ನಾವಲ್ಲ.

ಹಿಂದೆ ಬೆಳೆಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿದರೆ ಮಾರುವ ಚಿಂತೆ ಮಂಡಳಿಯದಾಗಿತ್ತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಮುರಿದುಬಿತ್ತು. 1996ರ ಹೊತ್ತಿಗೆ ಪೂಲಿಂಗ್ ಕೂಡ ಮುಗಿಯಿತು. ಮಾರುವ ಸ್ವಾತಂತ್ರ್ಯದೊಡನೆ ಬೆಲೆ ಕುಸಿತದ ಹೊರೆಯೂ ನಮ್ಮ ಹೆಗಲಿಗೇ ಬಂತು. 2001-02ರ ಬೆಲೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ವಿಯಟ್ನಾಮಿನಷ್ಟು ಬೆಳೆದರೆ ಗೆಲ್ಲಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಅಲ್ಲಿ ರೊಬಸ್ಟಾ ಹೆಕ್ಟೇರಿಗೆ 2 ಟನ್ ಮೀರುತ್ತದೆ. ನಮ್ಮಲ್ಲಿ 1 ಟನ್ನಿನ ಆಸುಪಾಸು. ಬ್ರೆಜಿಲಿನ ಸಮತಟ್ಟು ತೋಟಗಳಲ್ಲಿ ಯಂತ್ರವೇ ಹಣ್ಣು ಉದುರಿಸುತ್ತದೆ. ನಮ್ಮ ಇಳಿಜಾರು, ನೆರಳುಮರ, ಕೈಕೊಯ್ಲುಗಳೊಡನೆ ಅಗ್ಗದ ಪೈಪೋಟಿಗೆ ಇಳಿಯುವುದು ನಷ್ಟದ ಬಾಬತ್ತು. ಇಳುವರಿ ಹೆಚ್ಚಬೇಕು, ನಿಜ. ಆದರೆ ಅದಕ್ಕೆಂದು ನೆರಳು ಬೋಳಿಸಿದ ಅರೇಬಿಕಾ ತೋಟಕ್ಕೆ ಮೊದಲು ಬರುವ ಅತಿಥಿ ಬಿಳಿ ಕಾಂಡಕೊರಕ!

ಕೈಕೊಯ್ಲನ್ನೇ ನಾವು ಬಂಡವಾಳ ಮಾಡಿಕೊಳ್ಳಬೇಕು. ಕೆಂಪು ಹಣ್ಣನ್ನಷ್ಟೇ ಬಿಡಿಸಿ, ಅಂದೇ ಪಲ್ಪರಿಗೆ ಹಾಕಿ, ತೊಳೆದು ಒಣಗಿಸಿದ ರೊಬಸ್ಟಾ ಪಾರ್ಚ್‌ಮೆಂಟಿಗೆ ಚೆರ್ರಿಗಿಂತ ಒಳ್ಳೆಯ ಬೆಲೆಯಿದೆ. ಎಸ್‌ಪ್ರೆಸೊ ಮಿಶ್ರಣಕ್ಕೆ ಅದನ್ನು ಹುಡುಕಿಕೊಂಡು ಬರುವವರಿದ್ದಾರೆ. ನಮ್ಮಲ್ಲಿ ಎಷ್ಟೋ ಕಡೆ ಹಸಿರುಕಾಯಿ, ಹಣ್ಣು, ನೆಲಕ್ಕುದುರಿದ್ದು ಎಲ್ಲವೂ ಒಂದೇ ಚೀಲ ಸೇರುತ್ತವೆ. ಆಳು ಸಿಗದ ಕಷ್ಟ ನನಗೂ ಗೊತ್ತು. ಎರಡು ಮೂರು ಸುತ್ತು ಕೊಯ್ಯಲಾಗದಿದ್ದರೆ, ಕಣಕ್ಕೆ ಬಂದ ಮೇಲಾದರೂ ಬೇರ್ಪಡಿಸಿ. ಮಣ್ಣಿನ ಮೇಲೆ ಹರಡಬೇಡಿ. ತೆಳುವಾಗಿ ಹರಡಿ, ಆಗಾಗ ಕೈಯಾಡಿಸಿ, ಸಂಜೆ ರಾಶಿ ಮಾಡಿ ಮುಚ್ಚಿ. ತೇವಾಂಶ ಪಾರ್ಚ್‌ಮೆಂಟಿನಲ್ಲಿ ಶೇ. 10ಕ್ಕೆ, ರೊಬಸ್ಟಾ ಚೆರ್ರಿಯಲ್ಲಿ ಶೇ. 11ರ ಹತ್ತಿರಕ್ಕೆ ಇಳಿಯುವ ಮೊದಲು ಚೀಲ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನಿಂದ ಬರುವ ಓಕ್ರಾಟಾಕ್ಸಿನ್ ವಿಷಕ್ಕೆ ಯುರೋಪ್ ಒಕ್ಕೂಟವು ಹುರಿದ ಕಾಫಿಯಲ್ಲಿ ಇದ್ದ ಮಿತಿಯನ್ನು 2023ರಿಂದ ಕಿಲೋಗೆ 5 ಮೈಕ್ರೋಗ್ರಾಂನಿಂದ 3ಕ್ಕೆ ಇಳಿಸಿದೆ.

ಅದೇ ಒಕ್ಕೂಟದ 2023ರ ಇನ್ನೊಂದು ಕಾನೂನಿನಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ತೋಟ ಎಲ್ಲಿದೆ ಎಂಬ ಗುರುತನ್ನೂ ಕೊಡಬೇಕು. ಜಾರಿಯ ಗಡುವು ಎರಡು ಬಾರಿ ಮುಂದೆ ಹೋಗಿದೆಯೆಂದು ಸುಮ್ಮನಿರಬೇಡಿ. ನಮ್ಮ ಹಳೆಯ ನೆರಳುತೋಟಗಳಿಗೆ ಇದು ಅನುಕೂಲವೇ, ಕಾಗದಪತ್ರ ಸರಿಯಿದ್ದರೆ. ಪಹಣಿ, ನಕ್ಷೆಗಳನ್ನು ಈಗಲೇ ಹೊಂದಿಸಿಟ್ಟುಕೊಳ್ಳಿ. ವಿಸ್ತರಣಾ ಕಾರ್ಯಕರ್ತರು ಮೊದಲು ಎರಡು ಮೂರು ಎಕರೆಯವರ ಮನೆಗೆ ಹೋಗಬೇಕು. ದೊಡ್ಡ ಎಸ್ಟೇಟುಗಳಿಗೆ ಗುಮಾಸ್ತರಿದ್ದಾರೆ.