ಮೂರ್ಛೆರೋಗ: ಮುಚ್ಚಿಡಬೇಡಿ, ಮಾತ್ರೆ ಬಿಡಬೇಡಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಔಷಧಶಾಸ್ತ್ರ ಪಾಠ ಮಾಡುವವನು. ಫಿಟ್ಸ್ ಬಂದರೆ ಗಾಳಿ ಸೋಕಿದೆ ಎಂದು ಮುಚ್ಚಿಡುವ ಮನೆಗಳು ಇಂದಿಗೂ ಇವೆ. ಆದ್ದರಿಂದ ಅದರ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ.

ಲಿಂಗನಮಕ್ಕಿಯವರಿಗೆ ಗೇಟು ಎಂದರೇನೆಂದು ವಿವರಿಸಬೇಕಿಲ್ಲ. ಮಿದುಳಿನ ನರಕೋಶಗಳ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಗೇಟುಗಳಿವೆ. ಇವೇ ಗ್ರಾಹಕಗಳು. ಗ್ಲುಟಮೇಟ್ ಎಂಬ ರಾಸಾಯನಿಕ ತನ್ನ ಗ್ರಾಹಕಕ್ಕೆ ತಾಗಿದರೆ ಕೋಶ ಕೆರಳುತ್ತದೆ. ಗಾಬಾ ಎಂಬುದು ತಾಗಿದರೆ ಬೇರೆ ಗೇಟು ತೆರೆದು, ಕ್ಲೋರೈಡ್ ಕಣಗಳು ಒಳಹೋಗಿ, ಕೋಶ ಶಾಂತವಾಗುತ್ತದೆ. ಈ ಸಮತೋಲ ತಪ್ಪಿ ಅಸಂಖ್ಯ ಕೋಶಗಳು ಒಮ್ಮೆಲೇ ಕೆರಳಿದಾಗ ಫಿಟ್ಸ್ ಬರುತ್ತದೆ.

1912ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟೋನ್, ಗಾಬಾದ ಗೇಟನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಕ್ಲೋಬಜಾಮ್ ಅದು ಪದೇ ಪದೇ ತೆರೆಯುವಂತೆ ಮಾಡುತ್ತದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಹತ್ತರಲ್ಲಿ ಏಳು ಜನರಿಗೆ ಫಿಟ್ಸ್ ಹತೋಟಿಗೆ ಬರಬಲ್ಲದು. ಆದರೆ ಆರು ತಿಂಗಳು ಫಿಟ್ಸ್ ಬರಲಿಲ್ಲವೆಂದು ಮಾತ್ರೆ ಬಿಡುತ್ತಾರೆ. ಫಿಟ್ಸ್ ಬಾರದಿರುವುದು ಮಾತ್ರೆಯಿಂದಲೇ ಇರಬಹುದು. ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಮಾತ್ರೆ ಇಳಿಸುವುದು ವೈದ್ಯರ ಕೆಲಸ.

ಹಂಡೆ ನೀರಿನ ಸ್ನಾನ ನಮ್ಮ ಮಲೆನಾಡಿನ ಸುಖ. ಆದರೆ ತಲೆಗೆ ಬಿಸಿನೀರು ಸುರಿದುಕೊಂಡಾಗ ಮಾತ್ರ ಕೆಲವರಿಗೆ ಫಿಟ್ಸ್ ಬರುತ್ತದೆ. ಕರ್ನಾಟಕದಲ್ಲಿ ಹೆಚ್ಚಾಗಿ ಕಂಡ ಈ ಬಗೆಯನ್ನು ಬೆಂಗಳೂರಿನ ಡಾ. ಕೆ. ಎಸ್. ಮಣಿ, ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮೊದಲಾದವರು ಅಧ್ಯಯನ ಮಾಡಿದ್ದಾರೆ. ಅನೇಕರಿಗೆ ಉಗುರುಬೆಚ್ಚಗಿನ ನೀರೇ ಪರಿಹಾರ. ಸಾಲದಿದ್ದರೆ, ತಲೆಸ್ನಾನಕ್ಕೆ ಮುಂಚೆ ಕ್ಲೋಬಜಾಮ್ ತೆಗೆದುಕೊಳ್ಳಲು ವೈದ್ಯರು ಹೇಳುತ್ತಾರೆ. ಬಚ್ಚಲುಮನೆಯಲ್ಲಿ ಬಿದ್ದ ಮಗುವಿಗೆ ಅಂತ್ರ ಕಟ್ಟಿಸುವ ಮೊದಲು ನೀರು ಎಷ್ಟು ಬಿಸಿಯಿತ್ತು ಎಂದು ಕೇಳಿ.

ತರಗತಿಯಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಚಮಚ ತುರುಕಬೇಡಿ, ನೀರು ಕುಡಿಸಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ.

ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತೆಂದು ರೋಗ ಮುಚ್ಚಿಡುವವರಿಗೆ ಒಂದು ಮಾತು: ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯೆಂದು ಇದ್ದ ಮೂರ್ಛೆರೋಗವನ್ನು 1999ರ ತಿದ್ದುಪಡಿ ತೆಗೆದುಹಾಕಿದೆ. ಕಾನೂನು ಬಿಟ್ಟದ್ದನ್ನು ನಾವೂ ಬಿಡೋಣ. ಈ ರೋಗದ ಕಾರಣಕ್ಕೆ ನಮ್ಮ ಶಾಲೆಯ ಒಂದು ಮಗುವೂ ಓದು ಬಿಡದಂತೆ ಗುರುಗಳು, ತಂದೆತಾಯಿಗಳು ನೋಡಿಕೊಳ್ಳಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.