ಗೆಲ್ಲಿಸಿದ ಪಟ್ಟೇ ಪೆಟ್ಟಾದೀತು



ಮುಹಮ್ಮದ್ ಅಲಿ 1964ರಲ್ಲಿ ವಿಶ್ವ ಚಾಂಪಿಯನ್ ಆದದ್ದು ಕಾಲಿನ ಚುರುಕಿನಿಂದ, ಏಟು ತಪ್ಪಿಸಿಕೊಳ್ಳುವ ಜಾಣ್ಮೆಯಿಂದ. ಸೇನೆ ಸೇರಲು ಒಪ್ಪದೆ 1967ರಿಂದ ಮೂರೂವರೆ ವರ್ಷ ಕಣದಿಂದ ದೂರ ಉಳಿದರು. ಮರಳಿದಾಗ ಕಾಲಿನ ವೇಗ ಕುಗ್ಗಿತ್ತು. 1974ರಲ್ಲಿ ಕಿನ್ಶಾಸಾದಲ್ಲಿ ಹಗ್ಗಕ್ಕೆ ಒರಗಿ, ಏಟು ತಿನ್ನುತ್ತಲೇ ಜಾರ್ಜ್ ಫೋರ್‌ಮನ್‌ರನ್ನು ದಣಿಸಿ 8ನೇ ಸುತ್ತಿನಲ್ಲಿ ಕೆಡವಿದರು. ಜಗತ್ತು ಚಪ್ಪಾಳೆ ತಟ್ಟಿತು. ಆದರೆ ಏಟು ತಿನ್ನುವುದು ಅಲ್ಲಿಗೇ ನಿಲ್ಲಲಿಲ್ಲ. 1980ರಲ್ಲಿ ಲ್ಯಾರಿ ಹೋಮ್ಸ್ ಎದುರು ಸೋತರು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಗೊತ್ತಾಯಿತು. ಏಟುಗಳೊಂದೇ ಕಾರಣವೆನ್ನಲಾಗದು, ಆದರೆ ತಲೆ ತಿಂದ ಪೆಟ್ಟು ಸುಮ್ಮನೆ ಹೋಗುವುದಿಲ್ಲ.

ಮಕ್ಕಳೇ, ಗೈಡ್ ಬಾಯಿಪಾಠ ಮಾಡಿ ಪಾಸಾಗುವುದೂ ಇಂಥದ್ದೇ ಪಟ್ಟು. ಎಸ್ಸೆಸ್ಸೆಲ್ಸಿ ದಾಟಿಸೀತು, ನವಲಗುಂದ ಬಿಟ್ಟು ಹುಬ್ಬಳ್ಳಿಯ ಕಾಲೇಜಿಗೆ ಹೋದಾಗ ಕೈಕೊಡುತ್ತದೆ. ಸೋತಾಗ ಎಲ್ಲರೂ ಯೋಚಿಸುತ್ತಾರೆ. ನೀವು ಗೆದ್ದಾಗಲೂ ಯೋಚಿಸಿರಿ.